ಪರದೇಶದ ವಿದ್ಯಾರ್ಥಿಯೂ ನಿಯಮದ ಅರ್ಥವೂ
(ಇಟಲಿಯ ದಿನಚರಿಯನ್ನು ಕುರಿತ ಪಾಠ)

ವ್ಯಾಸಂಗಕ್ಕಾಗಿ ಇಟಲಿಯ ಮಿಲಾನ್, ಬೊಲೊನ್ಯಾ, ಪಾದೊವಾ ಮುಂತಾದ ನಗರಗಳಿಗೆ ಹೊರಡುವ ಮಗನನ್ನೋ ಮಗಳನ್ನೋ ಶ್ರೀರಂಗಪಟ್ಟಣದ ಆದಿನಾಥ ಬಸದಿಗೋ ನಾಗಮಂಗಲ ತಾಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಗೋ ಕರೆದೊಯ್ದು, "ಮಾಂಸ ಮುಟ್ಟಬೇಡ, ರಾತ್ರಿ ಉಣ್ಣಬೇಡ" ಎಂದು ನಿಯಮ ಕೊಡಿಸಿದರೆ ತಾಯಿತಂದೆಗಳ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಮಾಂಸ, ರಾತ್ರಿ ಎಂಬ ಶಬ್ದಗಳಿಗೆ ನಮ್ಮ ಮನೆಯಲ್ಲಿರುವ ಅರ್ಥವೇ ಆ ದೇಶದಲ್ಲಿಯೂ ಇದೆಯೆಂದು ತಿಳಿಯಬಾರದು. ವ್ರತಭಂಗಕ್ಕೆ ದುರಾಸೆಯೊಂದೇ ಕಾರಣವಲ್ಲ; ಶಬ್ದದ ಅರ್ಥ ಸಡಿಲವಾದರೂ ವ್ರತ ಸಡಿಲವಾಗುತ್ತದೆ.

ಇದಕ್ಕೆ ಪ್ರಸಿದ್ಧ ನಿದರ್ಶನವುಂಟು. 1888ರಲ್ಲಿ ಲಂಡನ್ನಿಗೆ ಹೊರಟ ಮೋಹನದಾಸ ಗಾಂಧಿಯವರಿಗೆ ಮದ್ಯ, ಮಾಂಸ, ಪರಸ್ತ್ರೀ ಇವುಗಳ ತ್ಯಾಗದ ಪ್ರತಿಜ್ಞೆಯನ್ನು ಮಾಡಿಸಿದವರು ಬೇಚರಜೀ ಸ್ವಾಮಿ ಎಂಬ ಜೈನ ಸಾಧುಗಳು. ಮೊಟ್ಟೆ ಮಾಂಸವಲ್ಲವೆಂಬ ವಾದವನ್ನು ಅಲ್ಲಿ ಕೇಳಿ ಗಾಂಧಿಯವರು ಕೆಲವು ದಿನ ಮೊಟ್ಟೆ ತಿಂದರು. ಬಳಿಕ, ಪ್ರತಿಜ್ಞೆ ಮಾಡಿಸಿದ ತಾಯಿಯ ಮನಸ್ಸಿನಲ್ಲಿದ್ದ ಅರ್ಥವೇ ತಮ್ಮನ್ನು ಕಟ್ಟುವ ಅರ್ಥವೆಂದು ನಿರ್ಣಯಿಸಿ ಅದನ್ನು ಬಿಟ್ಟರೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಈ ನಿರ್ಣಯವನ್ನು ಹೊರಡುವ ಮೊದಲೇ ಮಾಡಿಕೊಳ್ಳುವುದು ಲೇಸು.

1. ಮಾಂಸವೆಂಬ ಶಬ್ದ

ಇಟಲಿಯಲ್ಲಿ "ಕಾರ್ನೆ ಬೇಡ" ಎಂದರೆ ಮೀನನ್ನು ತಂದಿಡುವುದುಂಟು. ಅವರ ರೂಢಿಯಲ್ಲಿ ಮೀನು ಕಾರ್ನೆಯಲ್ಲ. ಆದ್ದರಿಂದ ಕಾರ್ನೆ, ಪೆಶ್ಶೆ (ಮೀನು), ವೋವಾ (ಮೊಟ್ಟೆ) ಮೂರನ್ನೂ ಹೆಸರಿಸಿ ಬೇಡವೆನ್ನಬೇಕು. ಅನ್ನದ ರಿಸೊತ್ತೊವನ್ನು ಅನೇಕ ಕಡೆ ಮಾಂಸ ಬೇಯಿಸಿದ ನೀರಿನಲ್ಲಿ ಮಾಡುತ್ತಾರೆ. ರೊಮಾನ್ಯಾ ಸೀಮೆಯ ಪಿಯಾದೀನಾ ಎಂಬ ರೊಟ್ಟಿಯ ಹಿಟ್ಟಿಗೆ ಹಂದಿಯ ಕೊಬ್ಬನ್ನು ಹಾಕುವ ಸಂಪ್ರದಾಯವುಂಟು. ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿರವೆ ಮತ್ತು ನೀರಿನಿಂದಾದದ್ದು; ಹಸಿ ಪಾಸ್ತಾದಲ್ಲಿ ಬಹುಮಟ್ಟಿಗೆ ಮೊಟ್ಟೆಯಿರುತ್ತದೆ.

ಹಾಲಿನ ಪದಾರ್ಥವೆಂದು ನಿಶ್ಚಿಂತರಾಗುವಂತಿಲ್ಲ. ಪಾರ್ಮಿಜಾನೊ ರೆಜ್ಜಾನೊ ಎಂಬ ಹೆಸರಾಂತ ಚೀಸನ್ನು ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡಬೇಕೆಂಬ ಕಟ್ಟಳೆಯಿದೆ. ಪೊಟ್ಟಣದ ಮೇಲೆ ಮೊಟ್ಟೆ, ಮೀನುಗಳ ಹೆಸರನ್ನು ಎದ್ದು ಕಾಣುವಂತೆ ಮುದ್ರಿಸುವುದು ಯೂರೋಪಿನ ಕಾನೂನು. ಹೆಪ್ಪಿಗೆ ಆ ನಿರ್ಬಂಧವಿಲ್ಲ. "ಕಾಲ್ಯೊ" ಎಂಬ ಶಬ್ದವನ್ನು ಹುಡುಕಿ ಓದಿ, ಅದು ಸಸ್ಯಜನ್ಯವೋ ಅಲ್ಲವೋ ವಿಚಾರಿಸಬೇಕು. ಕಂದಮೂಲ ತ್ಯಾಗಿಗಳು ಇನ್ನೊಂದನ್ನು ಅರಿತಿರಲಿ: ಅಲ್ಲಿಯ ಬಹಳಷ್ಟು ಸಾರು, ಗೊಜ್ಜುಗಳಿಗೆ ಈರುಳ್ಳಿ, ಕ್ಯಾರೆಟ್, ಸೆಲರಿಗಳ ಒಗ್ಗರಣೆಯೇ ಮೂಲ.

2. ರಾತ್ರಿಯೆಂಬ ಶಬ್ದ

ಶ್ರೀರಂಗಪಟ್ಟಣದಲ್ಲಿ ವರ್ಷವಿಡೀ ಸೂರ್ಯಾಸ್ತವು ಸುಮಾರು 5-50ರಿಂದ 6-50ರ ಒಳಗೆ. ಮಿಲಾನಿನಲ್ಲಿ ಡಿಸೆಂಬರಿನ ಸೂರ್ಯಾಸ್ತ ಸುಮಾರು 4-40ಕ್ಕೆ, ಜೂನ್ ತಿಂಗಳಿನದು ಸುಮಾರು 9-15ಕ್ಕೆ. ಅಲ್ಲಿಯವರ ರಾತ್ರಿಯೂಟ ಏಳೂವರೆಯ ಮೇಲೆಯೇ. ಬೇಸಿಗೆಯಲ್ಲಿ ಜೊತೆಗಾರರೊಡನೆ ಬೆಳಕಿನಲ್ಲೇ ಉಣ್ಣಬಹುದು. ಅಸ್ತಮಾನಕ್ಕೆ ಎರಡು ಘಳಿಗೆ, ಅಂದರೆ 48 ನಿಮಿಷ, ಮೊದಲೇ ಊಟ ಮುಗಿಸುವ ನಿಯಮವಿದ್ದವರು ಡಿಸೆಂಬರಿನಲ್ಲಿ 3-50ರೊಳಗೆ ಬುತ್ತಿ ಬಿಚ್ಚಬೇಕು. ಆಗ ತರಗತಿ ನಡೆಯುತ್ತಿದ್ದರೆ ಆ ದಿನ ಏಕಭುಕ್ತವೇ ಗತಿ. ಸೂರ್ಯೋದಯವೂ ಎಂಟರ ಸುಮಾರಿಗೆ ಆಗುವುದರಿಂದ ಬೆಳಗಿನ ಹೊತ್ತೂ ಇಕ್ಕಟ್ಟಿನದೇ.

3. ನಿರಾಕರಿಸುವ ಬಗೆ

ನಮ್ಮಲ್ಲಿ 'ನೀನು', 'ನೀವು' ಇರುವಂತೆ ಅವರಲ್ಲಿ 'ತು', 'ಲೇಯಿ' ಎಂಬ ಭೇದವಿದೆ. ಗುರುಗಳನ್ನೂ ಹಿರಿಯರನ್ನೂ 'ಲೇಯಿ' ಎಂದೇ ಸಂಬೋಧಿಸಬೇಕು. ಅತಿಥಿಗೆ ಒತ್ತಾಯಿಸಿ ಬಡಿಸುವುದರಲ್ಲಿ ಅಲ್ಲಿಯ ತಾಯಂದಿರು ನಮ್ಮ ಶ್ರಾವಿಕೆಯರಿಗೆ ಕಡಮೆಯಿಲ್ಲ. ತಟ್ಟೆಯ ಮುಂದೆ ಕುಳಿತು ಬೇಡವೆನ್ನುವುದಕ್ಕಿಂತ ಆಮಂತ್ರಣ ಬಂದಾಗಲೇ ತಿಳಿಸುವುದು ವಿನಯ. ಉಪವಾಸವೆಂಬುದು ಅವರಿಗೆ ಅಪರಿಚಿತವೂ ಅಲ್ಲ: ಈಸ್ಟರಿಗೆ ಮುಂಚಿನ ವ್ರತಕಾಲದ ಶುಕ್ರವಾರಗಳಲ್ಲಿ ಕ್ಯಾಥೊಲಿಕರಿಗೆ ಮಾಂಸ ವರ್ಜ್ಯ. 'ದಿಜೂನೊ', ಅಂದರೆ ಉಪವಾಸ, ಎಂದರೆ ಅರ್ಥಮಾಡಿಕೊಳ್ಳುತ್ತಾರೆ. ಆದರೆ ಅವರ ಭೋಜನವನ್ನು ಹಳಿಯುವ ಮಾತು ಕೂಡದು. ತನ್ನ ಸಂಯಮವನ್ನು ಪರನಿಂದೆಗೆ ಸಾಧನವಾಗಿಸಿಕೊಂಡವನಿಗೆ ವ್ರತದಿಂದ ಮಾನಕಷಾಯವೇ ಬೆಳೆಯುತ್ತದೆ.

4. ನಿಯಮ ಕೊಡುವ ಕ್ರಮ

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ ಜೀವನಪರ್ಯಂತದ ತ್ಯಾಗವನ್ನು ಯಮವೆಂದೂ ವಿಭಾಗಿಸಿ, ನಿಯಮಕ್ಕೆ ದಿನ, ಪಕ್ಷ, ಮಾಸ, ಋತು, ಅಯನಗಳ ಅವಧಿಯನ್ನು ಹೇಳಿದ್ದಾರೆ. ಈ ವಿಭಾಗವು ಪರದೇಶದ ವಿದ್ಯಾರ್ಥಿಗೆ ಬಹು ಉಪಕಾರಿ. ಮದ್ಯ, ಮಾಂಸ, ಮಧುಗಳ ತ್ಯಾಗವು ಮೂಲಗುಣ, ಅದರಲ್ಲಿ ರಿಯಾಯಿತಿಯಿಲ್ಲ. ಪರ್ವದಿನದ ಏಕಭುಕ್ತ, ರಸತ್ಯಾಗ ಮೊದಲಾದವುಗಳನ್ನು ಅಲ್ಲಿಯ ಋತು, ಪರೀಕ್ಷೆ, ದೇಹಬಲಗಳನ್ನು ನೋಡಿ ಒಂದೊಂದು ಮಾಸಕ್ಕೆ ತೆಗೆದುಕೊಂಡು, ನೆರವೇರಿದ ಮೇಲೆ ಮುಂದುವರಿಸಲಿ. ಹಿರಿಯರು ತಮಗೆ ಐವತ್ತು ವರ್ಷಗಳಲ್ಲಿ ಸಿದ್ಧಿಸಿದ್ದನ್ನು ಇಪ್ಪತ್ತರ ಮಕ್ಕಳ ಮೇಲೆ ಒಂದೇ ದಿನ ಹೊರಿಸಿದರೆ, ಅವರು ಅದನ್ನು ಮುರಿದು ಮನೆಗೆ ಬರೆಯುವ ಪತ್ರದಲ್ಲಿ ಮುಚ್ಚಿಡುವರು. ಆಗ ಸತ್ಯವ್ರತಕ್ಕೂ ಹಾನಿ.

ಸ್ವಾಧ್ಯಾಯ ಪ್ರಶ್ನೆಗಳು: 1. ಯಮಕ್ಕೂ ನಿಯಮಕ್ಕೂ ಭೇದವೇನು? 2. ಹಾಲಿನ ಪದಾರ್ಥವೂ ಅಭಕ್ಷ್ಯವಾಗುವುದು ಹೇಗೆ? 3. ನಿಮ್ಮ ಮನೆಯಲ್ಲಿ ನಡೆದುಬಂದಿರುವ ಒಂದು ನಿಯಮವನ್ನು, ಹೊಸಬರಿಗೂ ಸಂದೇಹ ಬಾರದಂತೆ, ನಾಲ್ಕು ಸಾಲುಗಳಲ್ಲಿ ಬರೆಯಿರಿ.