ಬೆಳ್ಳಿ ನಾಣ್ಯ: ತೂಕದ್ದೋ, ಸಂಗ್ರಹದ್ದೋ?



ಕಳೆದ ಬೇಸಿಗೆಯಲ್ಲಿ ಕೆಚ್ಚಲು ಬಾವಿನ ಚಿಕಿತ್ಸೆಗೆಂದು ಒಬ್ಬ ಸದಸ್ಯೆಯ ಮನೆಗೆ ಹೋಗಿದ್ದೆ. ಹಿಂಡಿಯ ಸಾಲ ತೀರಿಸಲು ಅವರು ಅಜ್ಜಿ ಕೊಟ್ಟಿದ್ದ ನಾಲ್ಕು ವಿಕ್ಟೋರಿಯಾ ರಾಣಿ ರೂಪಾಯಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. "ಫಳಫಳ ಅಂದ್ರೆ ರೇಟು ಜಾಸ್ತಿ ಸಿಗುತ್ತಲ್ವಾ ಡಾಕ್ಟ್ರೇ?" ಎಂದರು. ಎರಡು ಆಗಲೇ ತಿಕ್ಕಿಯಾಗಿತ್ತು. ಉಳಿದೆರಡನ್ನು ತಡೆದೆ. ಏಕೆಂದು ಹೇಳುತ್ತೇನೆ.

ಡೈರಿಯಲ್ಲಿ ಹಾಲಿಗೆ ಲೀಟರ್, ಜಿಡ್ಡು, ಎಸ್‌ಎನ್‌ಎಫ್ ನೋಡಿ ದರ ಕಟ್ಟುತ್ತಾರೆ. ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗೆ ಕೊಂಬು, ಮೈಕಟ್ಟು, ನಡಿಗೆ ನೋಡಿ ಬೆಲೆ ಹೇಳುತ್ತಾರೆ. ಬೆಳ್ಳಿ ನಾಣ್ಯದಲ್ಲೂ ಹೀಗೆ ಎರಡು ಲೆಕ್ಕ.

ತೂಕದ ನಾಣ್ಯ: ದೀಪಾವಳಿಗೆ ಬೆಳ್ಳಿ ಅಂಗಡಿಯಲ್ಲಿ ಕೊಳ್ಳುವ ಲಕ್ಷ್ಮಿ, ಗಣೇಶನ ನಾಣ್ಯ ಈ ಜಾತಿಯದು. ಇದರ ಬೆಲೆ ತೂಕ ಮತ್ತು ಶುದ್ಧತೆಯಿಂದ. 999 ಎಂದರೆ 1000 ಪಾಲಿನಲ್ಲಿ 999 ಪಾಲು ಬೆಳ್ಳಿ. ಕೊಳ್ಳುವಾಗ ಕೊಟ್ಟ ಮಜೂರಿ ಮತ್ತು ಶೇ. 3 ಜಿಎಸ್‌ಟಿ ಮಾರುವಾಗ ವಾಪಸ್ ಬರುವುದಿಲ್ಲ.

ಸಂಗ್ರಹದ ನಾಣ್ಯ: ಸರ್ಕಾರಿ ಟಂಕಸಾಲೆ ವಿಶೇಷ ಸಂದರ್ಭಗಳಿಗೆ ಹೊಳಪು ಕೊಟ್ಟು, ಪೆಟ್ಟಿಗೆಯಲ್ಲಿಟ್ಟು ಮಾರುವ ನಾಣ್ಯ. 2023ರಲ್ಲಿ ಹೊಸ ಸಂಸತ್ ಭವನಕ್ಕೆ ತಂದ 75 ರೂಪಾಯಿ ನಾಣ್ಯ 35 ಗ್ರಾಂ ತೂಗುತ್ತದೆ. ಆದರೆ ಅದರಲ್ಲಿ ಬೆಳ್ಳಿ ಅರ್ಧ, ಅಂದರೆ 17.5 ಗ್ರಾಂ ಮಾತ್ರ. ಉಳಿದದ್ದು ತಾಮ್ರ, ನಿಕ್ಕಲ್, ಸತು. 2024ರಲ್ಲಿ ರಿಸರ್ವ್ ಬ್ಯಾಂಕಿನ 90ನೇ ವರ್ಷಕ್ಕೆ ಬಂದ 90 ರೂಪಾಯಿ ನಾಣ್ಯ 40 ಗ್ರಾಂ ಶುದ್ಧ ಬೆಳ್ಳಿ. ಇವು ಮಾರಾಟವಾದದ್ದು ಸಾವಿರಾರು ರೂಪಾಯಿಗೆ. ಆ ಹೆಚ್ಚಿನ ಹಣ ಅಂದಕ್ಕೆ, ಅಪರೂಪಕ್ಕೆ. ಸಂಗ್ರಹಕಾರರು ಸಿಕ್ಕರೆ ಅದು ಬರುತ್ತದೆ, ಬೆಳ್ಳಿ ಅಂಗಡಿಯವರು ಬೆಳ್ಳಿಗಷ್ಟೇ ಕೊಡುತ್ತಾರೆ.

ಅಜ್ಜಿಯ ಕಾಲದ ರೂಪಾಯಿ ಎರಡೂ ಕಡೆ ಸೇರುತ್ತದೆ. ವಿಕ್ಟೋರಿಯಾ ರೂಪಾಯಿ 11.66 ಗ್ರಾಂ, ಅದರಲ್ಲಿ ಶೇ. 91.7 ಬೆಳ್ಳಿ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. 1947ರ ರೂಪಾಯಿ ನಿಕ್ಕಲ್, ಬೆಳ್ಳಿಯೇ ಇಲ್ಲ. ಸಾಮಾನ್ಯ ಇಸವಿಯ, ಸವೆದ ನಾಣ್ಯಕ್ಕೆ ಬೆಳ್ಳಿಯ ಬೆಲೆಗಿಂತ ಹೆಚ್ಚೇನೂ ಸಿಗದು. ಅಪರೂಪದ ಇಸವಿಯಾಗಿ, ಅಚ್ಚು ಸವೆಯದೆ ಇದ್ದರೆ ಹೆಚ್ಚು ಸಿಗುತ್ತದೆ. ತಿಕ್ಕಿದರೆ ಗೀರು ಬಿದ್ದು ಆ ಹೆಚ್ಚಿನ ಬೆಲೆ ಹೋಗುತ್ತದೆ. 1939ರ ರೂಪಾಯಿ ತೀರ ಅಪರೂಪ. ಅದಕ್ಕೇ ಅದರ ನಕಲಿಗಳೂ ಇವೆ, ಎಚ್ಚರ.

ನೆನಪಿಡಿ:
1. ಬಟವಾಡೆ, ಬೋನಸ್ ಹಣವನ್ನು ಆಪತ್ತಿಗೆಂದು ಬೆಳ್ಳಿಯಲ್ಲಿ ಇಡುವುದಾದರೆ ತೂಕದ ನಾಣ್ಯವೇ ಸರಿ. ಹಾಲ್‌ಮಾರ್ಕ್ ನೋಡಿ, ಬಿಲ್ಲು ಜೋಪಾನ ಮಾಡಿ.
2. ಸರ್ಕಾರಿ ನಾಣ್ಯವನ್ನು ಪೆಟ್ಟಿಗೆಯಿಂದ ತೆಗೆಯಬೇಡಿ.
3. ಹಳೆಯ ನಾಣ್ಯ ತಿಕ್ಕಬೇಡಿ. ಅಂಚು ಹಿಡಿದು ಇಸವಿ ಓದಿ, ಬರೆದಿಡಿ.
4. ಅಶೋಕ ರಸ್ತೆಗೆ ಹೋದಾಗ ಒಂದೇ ಅಂಗಡಿಯ ಮಾತಿಗೆ ಕೊಡಬೇಡಿ. ಎರಡು ಮೂರು ಕಡೆ ತೂಗಿಸಿ. ನಾಣ್ಯ ಸಂಗ್ರಹಿಸುವವರಿಗೂ ಒಮ್ಮೆ ತೋರಿಸಿ.

ಆ ಸದಸ್ಯೆ ತಿಕ್ಕಿದ ಎರಡನ್ನು ತೂಕಕ್ಕೆ ಮಾರಿ ಸಾಲ ತೀರಿಸಿದರು. ಉಳಿದೆರಡು ಬಟ್ಟೆಯಲ್ಲಿ ಸುತ್ತಿ ಮಗಳಿಗೆಂದು ಇಟ್ಟಿದ್ದಾರೆ. ಹಸುವಿನ ಕೆಚ್ಚಲೂ ವಾಸಿಯಾಗಿದೆ.