ಎಸರು ಕುದಿಯದ ಊರು: ಕಡಲಡಿಯ ಕಥೆ ಬರೆಯುತ್ತ ಕಲಿತ ಪಾಠಗಳು

ನಮ್ಮದು ಮಂಡ್ಯದ ಮದ್ದೂರಲ್ಲ, ವಡೆಯ ಮದ್ದೂರಲ್ಲ. ಗುಂಡ್ಲುಪೇಟೆ ತಾಲ್ಲೂಕಿನ, ಬಂಡೀಪುರ ಕಾಡಂಚಿನ ಮದ್ದೂರು. ಇಲ್ಲಿಗೆ ಕಡಲು ಬರುವುದು ಥರ್ಮೋಕೋಲ್ ಡಬ್ಬದಲ್ಲಿ, ಐಸಿನ ನಡುವೆ ಮತ್ತಿ ಮೀನಾಗಿ. ನಮ್ಮ ತರಕಾರಿ ಕೋಯಿಕ್ಕೋಡಿನ ಕಡೆ ಘಟ್ಟ ಇಳಿಯುತ್ತದೆ, ಅವರ ಮೀನು ಈ ಕಡೆ ಹತ್ತುತ್ತದೆ. ಇಂಥಲ್ಲಿ ಕೂತು ಸಮುದ್ರದ ತಳದಲ್ಲಿ ಮೊದಲು ಬಿಡಾರ ಹೂಡಿದವರ ಕಥೆಯನ್ನು ಹೈಸ್ಕೂಲು ಮಕ್ಕಳಿಗಾಗಿ ಕಂತುಕಂತಾಗಿ ಬರೆದು ಶನಿವಾರ ಓದಿ ಹೇಳುತ್ತೇನೆ. ಇದೇ ಹಾದಿಗೆ ಬರುವವರಿಗೆ ಉಪಯೋಗವಾದೀತೆಂದು ಕೆಲವು ಪಾಠಗಳನ್ನು ಬರೆದಿಟ್ಟಿದ್ದೇನೆ.

1. ಯಾರು ಇಳಿದರು, ಯಾಕೆ ಇಳಿದರು ಎಂಬುದು ಮೊದಲು ಇತ್ಯರ್ಥವಾಗಲಿ

ಅಮೆರಿಕದ ಕ್ಯಾಟ್ ಫಾಲ್ಸ್ 2010ರಲ್ಲಿ 'ಡಾರ್ಕ್ ಲೈಫ್' ಎಂಬ ಕಾದಂಬರಿ ಬರೆದರು. ಏರಿದ ಸಮುದ್ರ ಭೂಮಿಯನ್ನು ನುಂಗಿದೆ, ಕೆಲವು ಕುಟುಂಬಗಳು ಕಡಲ ತಳದಲ್ಲಿ ಜಮೀನು ಹಿಡಿದು ಸಾಗುವಳಿ ಮಾಡುತ್ತಿವೆ, ಅಲ್ಲೇ ಹುಟ್ಟಿದ ಹುಡುಗ ನಾಯಕ. ಓದಿಸಿಕೊಂಡು ಹೋಗುವ ಪುಸ್ತಕ. ಆದರೆ ಅದರ ಬೆನ್ನಿಗಿರುವುದು ಅಮೆರಿಕದವರು ಪಶ್ಚಿಮಕ್ಕೆ ಗಾಡಿ ಕಟ್ಟಿಕೊಂಡು ಹೋದ ನೆನಪು, 1862ರ ಹೋಮ್‌ಸ್ಟೆಡ್ ಕಾಯಿದೆಯ ನೆನಪು. ನಮ್ಮ ಮಕ್ಕಳಿಗೆ ಜಮೀನು ಅಂದರೆ ಬಗರ್ ಹುಕುಂ, ಫಾರಂ 57, ತಾಲ್ಲೂಕು ಕಚೇರಿ. ಆ ಕಥೆಯನ್ನು ಬಾಯಲ್ಲಿ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಬಂದ ಮೊದಲ ಪ್ರಶ್ನೆ: "ಕಡ್ಲೊಳಗಿನ ಜಮೀನ್ಗ ಪಾಣಿ ಯಾರ್ ಕೊಟ್ಟಾರು ಸಾ?"

ಆಗಲೇ ನನ್ನ ಕಥೆಯ ಕುಟುಂಬ ಗೊತ್ತಾಯಿತು. ಇಲ್ಲಿಂದ ಜನ ಕೊಡಗಿನ ಕಾಫಿ ತೋಟಕ್ಕೆ, ವಯನಾಡಿನ ಕಡೆ ಶುಂಠಿ ಕೆಲಸಕ್ಕೆ ಮೇಸ್ತ್ರಿಯ ಹಿಂದೆ ಹೋಗುತ್ತಾರೆ. ಹಾಗೆಯೇ ಒಬ್ಬ ತಾಯಿ ಮುಂಗಡ ಹಣ ತಗೊಂಡು ಕಡಲಡಿಯ ನೆಲೆಗೆ ಅಡುಗೆ ಕೆಲಸಕ್ಕೆ ಹೋಗುತ್ತಾಳೆ, ಒಂಬತ್ತನೇ ಕ್ಲಾಸಿನ ಮಗಳನ್ನು ಬಿಟ್ಟುಹೋಗಲು ಜಾಗವಿಲ್ಲದೆ ಜೊತೆಗೇ ಕರೆದೊಯ್ಯುತ್ತಾಳೆ. ವಿಜ್ಞಾನಿಯ ಮಗ ನಾಯಕನಾಗಿದ್ದರೆ ಈ ಮಕ್ಕಳು ದೂರದಲ್ಲಿ ಕೂತು ಕೇಳುತ್ತಿದ್ದರು. ಈಗ ನಡುವೆ ಬಾಯಿ ಹಾಕುತ್ತಾರೆ.

2. ಮೇಲೆ ಬರಲಾಗದಿರುವುದೇ ಕಥೆ

ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬಾರದು. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಕೂಡುತ್ತದೆ. 40 ಮೀಟರಿನಲ್ಲಿ ಅದು ನೆಲದ ಮೇಲಿನದರ ಐದು ಪಟ್ಟು. ಅದೇ ಒತ್ತಡದ ಗಾಳಿ ತುಂಬಿದ ಮನೆಯಲ್ಲಿ ಬದುಕುವವರ ರಕ್ತ, ಕೊಬ್ಬು, ಕೀಲುಗಳಲ್ಲೆಲ್ಲ ಉಸಿರಿನ ಸಾರಜನಕ ಕರಗುತ್ತ ಹೋಗಿ, ಸುಮಾರು ಒಂದು ದಿನದಲ್ಲಿ ಇನ್ನು ಹಿಡಿಯಲಾರದ ಮಟ್ಟ ಮುಟ್ಟುತ್ತದೆ. ಆಮೇಲೆ ಒಂದು ವಾರವಿದ್ದರೂ ಒಂದು ತಿಂಗಳಿದ್ದರೂ ಮೇಲೇರಲು ಬೇಕಾಗುವ ಹೊತ್ತು ಒಂದೇ. ಒತ್ತಡವನ್ನು ಹನಿಹನಿಯಾಗಿ ಇಳಿಸದೆ ಎದ್ದು ಬಂದರೆ ಕರಗಿದ್ದು ಗುಳ್ಳೆಯಾಗಿ ನರ, ಮಿದುಳು ಹಿಡಿಯುತ್ತದೆ. ಫ್ಲಾರಿಡಾದ 'ಅಕ್ವೇರಿಯಸ್' ಕಡಲಡಿ ನಿಲಯ ಸುಮಾರು ಇಪ್ಪತ್ತು ಮೀಟರ್ ಆಳದ್ದು. ಅಲ್ಲಿಂದ ಬರಲಿಕ್ಕೇ ಸುಮಾರು 17 ಗಂಟೆ. ನನ್ನ ಕಥೆಯ 40 ಮೀಟರಿಗೆ ದಿನಗಟ್ಟಲೆ. ಅಂತರಿಕ್ಷ ನಿಲ್ದಾಣದಿಂದ ಭೂಮಿಗೆ ಬರುವುದು ಇದಕ್ಕಿಂತ ಬೇಗ.

ಇದನ್ನು ಮಕ್ಕಳಿಗೆ ಹೇಳಲು ನಮ್ಮೂರ ಗೇಟು ಸಾಕು. ಮದ್ದೂರು ಚೆಕ್‌ಪೋಸ್ಟಿನಲ್ಲಿ ರಾತ್ರಿ 9ಕ್ಕೆ ಗೇಟು ಬಿತ್ತೆಂದರೆ ಬೆಳಿಗ್ಗೆ 6ರವರೆಗೆ ಲಾರಿ, ಕಾರು ಕೇರಳದ ಸುಲ್ತಾನ್ ಬತ್ತೇರಿ ಕಡೆ ಹೋಗುವಂತಿಲ್ಲ. 2009ರಿಂದ ಹೀಗೇ. ಆದರೆ ಆಂಬುಲೆನ್ಸಿಗೆ ಗೇಟು ತೆಗೆಯುತ್ತಾರೆ. ಕಡಲಡಿಯಲ್ಲಿ ಆಂಬುಲೆನ್ಸಿಗೂ ತೆಗೆಯುವುದಿಲ್ಲ. ನನ್ನ ಹುಡುಗಿಗೆ ಊರಿನಲ್ಲಿ ಅಜ್ಜಿ ತೀರಿಕೊಂಡ ಸುದ್ದಿ ಬರುವುದು ಆರನೇ ಕಂತಿನಲ್ಲಿ. ಮಣ್ಣಿಗೆ ಹೋಗಲಾರಳು ಎಂದು ನಾನು ಬರೆಯಬೇಕಾಗಿಯೇ ಬರಲಿಲ್ಲ. ಓದುತ್ತಿದ್ದಂತೆ ಮಕ್ಕಳೇ ಬೆರಳಲ್ಲಿ ದಿನ ಎಣಿಸಿದರು.

ಹದಿಹರೆಯದ ಕಥೆಗೆ ಇದಕ್ಕಿಂತ ಒಳ್ಳೆಯ ಬಿಗಿ ಸಿಗದು. ಆ ವಯಸ್ಸಿನಲ್ಲಿ ಸಿಟ್ಟು ಬಂದರೆ ಬಾಗಿಲು ದಡಾರನೆ ಹಾಕಿ ಹೊರಟುಹೋಗಬೇಕು. ಇಲ್ಲಿ ಹೊರಟುಹೋಗಲು ಹೊರಗೆ ಜಾಗವಿಲ್ಲ. ಶಾರ್ಕ್, ದೈತ್ಯ ಆಕ್ಟೋಪಸ್‌ಗಳನ್ನು ತರುವವರು ಈ ಬಿಗಿ ಕೈಯಲ್ಲಿರುವುದನ್ನು ಕಾಣದವರು.

3. ಯಾವ ಬಗೆಯ ಮನೆ ಎಂದು ಆರಿಸಿ, ಆಮೇಲೆ ಬದಲಿಸಬೇಡಿ

ಎರಡೇ ಬಗೆ. ಒಳಗೆ ನೆಲದ ಮೇಲಿನ ಒತ್ತಡವನ್ನೇ ಉಳಿಸಿಕೊಂಡ ಗಟ್ಟಿ ಗೋಳ ಒಂದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಕಟ್ಟುತ್ತಿರುವ 'ಮತ್ಸ್ಯ 6000' ಅಂಥದ್ದು: 2.1 ಮೀಟರ್ ವ್ಯಾಸದ ಟೈಟಾನಿಯಂ ಗೋಳ, ಮೂವರು, 6000 ಮೀಟರ್ ಆಳದ ಗುರಿ. ಅದರಲ್ಲಿ ಕೂತವರು ಎಷ್ಟು ಆಳಕ್ಕೆ ಹೋಗಿ ಬಂದರೂ ಮೇಲೆ ಬಂದೊಡನೆ ಇಳಿದು ನಡೆಯಬಹುದು. ಆದರೆ ಬಾಗಿಲು ತೆಗೆದು ನೀರಿಗೆ ಕಾಲಿಡಲಾಗದು. ಇನ್ನೊಂದು, ಒಳಗಿನ ಒತ್ತಡವೂ ಹೊರಗಿನ ಒತ್ತಡವೂ ಒಂದೇ ಆಗಿರುವ ಮನೆ. ಅದರ ನೆಲದಲ್ಲಿ ತೂತಿದ್ದರೂ ನೀರು ಒಳಗೆ ನುಗ್ಗದು, ಅಲ್ಲಿಂದ ಇಳಿದು ಹೊರಗೆ ದುಡಿದು ಬರಬಹುದು. ಕೂಲಿಯವರ ಕಥೆಗೆ ಎರಡನೆಯದೇ ಸರಿ. ಒಂದು ಅಧ್ಯಾಯದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಆಗಿರುವ ಕಥೆಗಳನ್ನು ಬಹಳ ಓದಿದ್ದೇನೆ. ಎಂಟನೇ ಕ್ಲಾಸಿನವರು ಹಿಡಿದುಬಿಡುತ್ತಾರೆ.

4. ಉಸಿರಿಗೆ ಲೆಕ್ಕದ ಪುಸ್ತಕ ಇಡಿ

ಒಬ್ಬ ಮನುಷ್ಯನಿಗೆ ದಿನಕ್ಕೆ ಸುಮಾರು 0.84 ಕೆ.ಜಿ. ಆಕ್ಸಿಜನ್ ಬೇಕು. ಅವನು ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 1 ಕೆ.ಜಿ. ಆಸ್ಪತ್ರೆಗಳಲ್ಲಿ ಕಾಣುವ 7 ಘನ ಮೀಟರಿನ ಜಂಬೋ ಸಿಲಿಂಡರಿನಲ್ಲಿ 9 ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಅಂದರೆ ಹನ್ನೊಂದು ಜನಕ್ಕೆ ಒಂದು ದಿನ, ಅದೂ ಮೈಮುರಿದು ದುಡಿಯದಿದ್ದರೆ. ನನ್ನ ನೆಲೆಯಲ್ಲಿ 44 ಜನ, ದುಡಿಯುವವರು. ಬೆಳಿಗ್ಗೆ ಎದ್ದು ಸಿಲಿಂಡರ್ ಲೆಕ್ಕ ಬರೆಯುವುದು ಹುಡುಗಿಯ ಕೆಲಸ.

ಇಲ್ಲಿ ಒಂದು ಮಾತು. ಬೇರೆ ಜಿಲ್ಲೆಯ ಲೇಖಕ ಆಕ್ಸಿಜನ್ ಮುಗಿಯುವ ದೃಶ್ಯವನ್ನು ರೋಚಕತೆಗೆ ಬರೆಯಬಹುದು. 2021ರ ಮೇ ತಿಂಗಳಲ್ಲಿ ನಮ್ಮದೇ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಿಗದೆ ಜನ ಸತ್ತರು. ನನ್ನ ಮುಂದೆ ಕೂರುವ ಮಕ್ಕಳಿಗೆ ಆ ಸಿಲಿಂಡರ್ ಎಂಬುದು ಕಥೆಯ ಸಾಮಾನಲ್ಲ. ಹಾಗಾಗಿ ಆಕ್ಸಿಜನ್ ತೀರುವ ಅಧ್ಯಾಯವನ್ನು ನಾನು ಬರೆದಿಲ್ಲ, ಬರೆಯುವುದೂ ಇಲ್ಲ. ಲೆಕ್ಕ ತಪ್ಪದಂತೆ ಕಾಯುವುದರಲ್ಲೇ ಸಾಕಷ್ಟು ಭಯವಿದೆ.

ನಿಜವಾಗಿ ಮೊದಲು ಕೊಲ್ಲುವುದೂ ಬಿಟ್ಟ ಉಸಿರೇ. ಮುಚ್ಚಿದ ಕೋಣೆಯಲ್ಲಿ ಆಕ್ಸಿಜನ್ ಮುಗಿಯುವ ಮುಂಚೆಯೇ ಇಂಗಾಲದ ಡೈಆಕ್ಸೈಡ್ ತಲೆನೋವು, ಏದುಸಿರು, ಗೊಂದಲ ತಂದು ಮಲಗಿಸಿಬಿಡುತ್ತದೆ. ಅಮೆರಿಕದ ನೌಕಾಪಡೆಯ ಸೀಲ್ಯಾಬ್-3 ಯೋಜನೆಯಲ್ಲಿ 1969ರಲ್ಲಿ ಬೆರಿ ಕ್ಯಾನನ್ ಸತ್ತದ್ದು ಹೀಗೇ: ಅವನ ಉಸಿರಾಟದ ಸಲಕರಣೆಯ ಡಬ್ಬದಲ್ಲಿ ಇಂಗಾಲದ ಡೈಆಕ್ಸೈಡ್ ಹೀರುವ ಪುಡಿಯನ್ನೇ ತುಂಬಿರಲಿಲ್ಲ. ಇಡೀ ಯೋಜನೆ ಅಲ್ಲಿಗೇ ನಿಂತಿತು. ಆಪರೇಷನ್ ಥಿಯೇಟರಿನ ಅರಿವಳಿಕೆ ಯಂತ್ರದಲ್ಲಿ ಬಳಸುವ ಸೋಡಾ ಲೈಮ್ ಕೂಡ ಇದೇ ಕೆಲಸದ್ದು. ತಾಲ್ಲೂಕು ಆಸ್ಪತ್ರೆಯವರನ್ನು ಕೇಳಿದರೆ ತೋರಿಸುತ್ತಾರೆ. ಮಕ್ಕಳಿಗೆ ಅದರ ಬಣ್ಣ ಬದಲಾಗುವುದನ್ನು ತೋರಿಸಿದರೆ ಒಂದು ಅಧ್ಯಾಯ ಉಳಿಯುತ್ತದೆ.

5. ಅಡುಗೆಮನೆಯಿಂದ ಶುರುಮಾಡಿ

"ಅಲ್ಲಿ ಇಟ್ಟು ತೊಳಸಕ್ಕ ಆದದಾ ಸಾ?" ಎಂದು ಒಬ್ಬಳು ಕೇಳಿದಳು. ನಾನು ಕೂತು ಲೆಕ್ಕ ಹಾಕಿದೆ. ಐದು ಪಟ್ಟು ಒತ್ತಡದಲ್ಲಿ ನೀರು ಕುದಿಯುವುದು 150 ಡಿಗ್ರಿ ದಾಟಿದ ಮೇಲೆ. ಉರಿಯಂತೂ ಹಚ್ಚುವಂತಿಲ್ಲ, ಕರೆಂಟಿನ ಒಲೆ. ಪಾತ್ರೆಯ ನೀರು 100 ಡಿಗ್ರಿಗೆ ಬಂದರೂ ಒಂದು ಗುಳ್ಳೆ ಏಳುವುದಿಲ್ಲ, ಸುಮ್ಮನೆ ಕೂತಿರುತ್ತದೆ. ರಾಗಿಹಿಟ್ಟು ಬೇಯಲು ಅಷ್ಟು ಬಿಸಿ ಸಾಕು. ಆದರೆ ನಮ್ಮ ತಾಯಂದಿರು ಹಿಟ್ಟು ಸುರಿಯುವುದು ಎಸರು ಕೊತಕೊತ ಅಂದಾಗ. ಎಸರು ಕುದಿಯದ ಊರಿನಲ್ಲಿ ಆ ಹೊತ್ತು ಗೊತ್ತಾಗುವುದು ಹೇಗೆ?

ಕಥೆಯ ತಾಯಿ ಮೊದಲ ದಿನ ಎಸರು ಕುದಿಯಲೆಂದು ಒಲೆಯ ಮುಂದೆ ಕಾಯುತ್ತ ನಿಲ್ಲುತ್ತಾಳೆ. ಶಿಫ್ಟು ಮುಗಿಸಿ ಬಂದವರು ತಟ್ಟೆ ಹಿಡಿದು ಸಾಲಲ್ಲಿದ್ದಾರೆ. ಮಗಳು ಥರ್ಮಾಮೀಟರ್ ತಂದು ಅದ್ದಿ, "ಸುರಿ ಅವ್ವ, ಆಗದ" ಎನ್ನುತ್ತಾಳೆ. ತಾಯಿ ನಂಬುವುದಿಲ್ಲ. ಆ ಎರಡು ಪುಟದಲ್ಲಿ ಒತ್ತಡದ ಪಾಠವೂ ಮುಗಿಯಿತು, ತಾಯಿ ಮಗಳ ನಡುವೆ ಯಾರ ಮಾತು ನಡೆಯಬೇಕೆಂಬ ಜಗಳವೂ ಶುರುವಾಯಿತು. ಒತ್ತಡದಡಿ ದುಡಿಯುವ ಡೈವರುಗಳು ಊಟ ಸಪ್ಪೆ ಎಂದು ಖಾರದ ಬಾಟಲಿ ಒಯ್ಯುವುದುಂಟು. ನನ್ನ ನೆಲೆಗೆ ಮಾವಿನ ಉಪ್ಪಿನಕಾಯಿಯ ಡಬ್ಬ ಹೋಯಿತು.

6. ಬಣ್ಣ, ಸದ್ದು

ಕೆಂಪು ಕೆಲವೇ ಮೀಟರಿನಲ್ಲಿ ಮಾಯ. ಆಳದಲ್ಲಿ ಕೈ ಕೊಯ್ದರೆ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ಸದ್ದು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದರಿಂದ ಯಾವ ಕಡೆಯಿಂದ ಬಂತೆಂದು ಕಿವಿ ಹೇಳಲಾರದು. ಇನ್ನೂ ಆಳಕ್ಕೆ ಹೋದರೆ ಸಾರಜನಕದ ಬದಲು ಹೀಲಿಯಂ, ದನಿ ಬಾತುಕೋಳಿಯದು. 1965ರಲ್ಲಿ ಸೀಲ್ಯಾಬ್-2ರಿಂದ ಬಂದ ಗಗನಯಾತ್ರಿ ಸ್ಕಾಟ್ ಕಾರ್ಪೆಂಟರ್ ಒತ್ತಡ ಇಳಿಸುವ ಕೋಣೆಯಿಂದ ಅಮೆರಿಕದ ಅಧ್ಯಕ್ಷ ಜಾನ್ಸನ್ನರೊಡನೆ ಫೋನಿನಲ್ಲಿ ಮಾತಾಡಿದ್ದು ಅದೇ ದನಿಯಲ್ಲಿ. ಓದಿ ಹೇಳುವಾಗ ಈ ಭಾಗ ಬಲು ಖುಷಿ ಕೊಡುತ್ತದೆ. ಅತಿ ಮಾಡಬಾರದು.

7. ನಿಜಕ್ಕೂ ಇದ್ದು ಬಂದವರ ವಿವರ ಓದಿ, ಅಲ್ಲೂ ಅಡುಗೆಯವನನ್ನು ಹುಡುಕಿ

1962ರಲ್ಲಿ ಫ್ರಾನ್ಸಿನ ಸಾಗರಶೋಧಕ ಕುಸ್ತೋನ ತಂಡದ ಆಲ್ಬರ್ಟ್ ಫಾಲ್ಕೊ, ಕ್ಲೋದ್ ವೆಸ್ಲಿ ಮಾರ್ಸೇಲ್ಸ್ ಬಳಿ 10 ಮೀಟರ್ ಆಳದಲ್ಲಿ ಒಂದು ವಾರ ಇದ್ದರು. ಮರುವರ್ಷ ಕುಸ್ತೋ ತಂಡದವರು ಸುಡಾನಿನ ಕೆಂಪು ಸಮುದ್ರದಲ್ಲಿ ತಿಂಗಳ ಕಾಲ ಇದ್ದರು. ಆ ಮನೆಯಲ್ಲಿ ಅಡುಗೆಯವನೊಬ್ಬನಿದ್ದ. ಸಾಹಸದ ಚಿತ್ರಗಳಲ್ಲಿ ಅವನ ಮೇಲೆ ಯಾರ ಕಣ್ಣೂ ನಿಲ್ಲುವುದಿಲ್ಲ, ನನಗೆ ಬೇಕಾದವನು ಅವನೇ. ಆ ಪ್ರಯೋಗಗಳಿಗೆ ಹಣ ಹಾಕಿದವರಲ್ಲಿ ಫ್ರಾನ್ಸಿನ ತೈಲೋದ್ಯಮವೂ ಇತ್ತು. ತಳದಲ್ಲಿ ಬದುಕಬಲ್ಲ ಕೆಲಸಗಾರರು ಅವರಿಗೆ ಬೇಕಿತ್ತು. 1970ರಲ್ಲಿ ಸಿಲ್ವಿಯಾ ಅರ್ಲ್ ನೇತೃತ್ವದ ಬರೀ ಹೆಂಗಸರ ತಂಡ ಟೆಕ್ಟೈಟ್-2 ಕಡಲಡಿ ನಿಲಯದಲ್ಲಿ ಎರಡು ವಾರ ಇತ್ತು. 2002ರಲ್ಲಿ ಸುನೀತಾ ವಿಲಿಯಮ್ಸ್ ಅಂತರಿಕ್ಷಕ್ಕೆ ಹೋಗುವ ಮುಂಚಿನ ತರಬೇತಿಗೆ ಅಕ್ವೇರಿಯಸ್‌ನಲ್ಲಿದ್ದರು. ಈ ಸಂಗತಿ ಹೇಳಿದರೆ ಹುಡುಗಿಯರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ.

8. ನೀಮೋನನ್ನು ಮರಳಿ ಕರೆತನ್ನಿ, ಆದರೆ ಮನೆಯ ಯಜಮಾನಿಕೆ ಕೊಡಬೇಡಿ

ಜೂಲ್ ವೆರ್ನ್‌ನ ಕ್ಯಾಪ್ಟನ್ ನೀಮೋ ಯಾರೆಂದು 'ದಿ ಮಿಸ್ಟೀರಿಯಸ್ ಐಲೆಂಡ್' ಕಾದಂಬರಿಯಲ್ಲಿ ಬಯಲಾಗುತ್ತದೆ: ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸೋದರಳಿಯ, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದವನು. ಕಾಲದ ಲೆಕ್ಕ ಕೂಡುವುದಿಲ್ಲ, ವೆರ್ನ್ ತಲೆಕೆಡಿಸಿಕೊಂಡಿಲ್ಲ. ಕಡಲಡಿಯ ಸಾಹಿತ್ಯದ ಅತಿ ದೊಡ್ಡ ನಾಯಕನಿಗೆ ಶ್ರೀರಂಗಪಟ್ಟಣದ ನಂಟು ಎಂದರೆ ನಮ್ಮ ಕಡೆಯ ಮಕ್ಕಳ ಮುಖ ನೋಡಬೇಕು. ಆದರೂ ಅವನು ಅರಮನೆಯವನು. ಅವನ ಜಲಾಂತರ್ಗಾಮಿ ನಾಟಿಲಸ್‌ನಲ್ಲಿ ಗ್ರಂಥಾಲಯವಿದೆ, ಆರ್ಗನ್ ಇದೆ. ಎಂಜಿನ್ ನೋಡಿಕೊಳ್ಳುವವರಿಗೆ ಹೆಸರೂ ಇಲ್ಲ.

9. ನಮ್ಮದೇ ಸಮುದ್ರವನ್ನು ಬರೆಯಿರಿ

ಟಿ.ವಿ.ಯಲ್ಲಿ ಕಾಣುವ ನೀಲಿ ನೀರು ಬೇಡ. ನನ್ನ ನೆಲೆ ಇರುವುದು ಮುರುಡೇಶ್ವರದಾಚೆ, ನೇತ್ರಾಣಿ ದ್ವೀಪದಿಂದ ಇನ್ನಷ್ಟು ಪಡುವಣಕ್ಕೆ. ಮುಂಗಾರಿನಲ್ಲಿ ಆಳದ ತಣ್ಣನೆಯ, ಆಕ್ಸಿಜನ್ ಕಡಿಮೆಯ ನೀರು ನಮ್ಮ ಕರಾವಳಿಯ ಆಳ ಕಡಿಮೆಯ ತಳಕ್ಕೆ ಏರಿ ಬರುತ್ತದೆ. ಮಳೆಗಾಲದ ಕೊನೆಗೆ ತಳದ ನೀರಿನಲ್ಲಿ ಉಸಿರೇ ಉಳಿಯುವುದಿಲ್ಲ, ಮೀನು ಸಿಗಡಿ ಜಾಗ ಖಾಲಿ ಮಾಡುತ್ತವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧ. ನೆಲೆಗೆ ಸಾಮಾನು ತರುವ ದೋಣಿಗೂ ಆ ಕಡಲು ಕಷ್ಟ. ಒಂದು ಮಳೆಗಾಲ ಇಷ್ಟನ್ನೂ ಕೊಡುವಾಗ ಖಳನಾಯಕ ಬೇಕಾಗಲಿಲ್ಲ.

10. ಖಾಲಿ ಜಾಗ ಎಂಬುದಿಲ್ಲ

ಮೊದಲಿಗರ ಕಥೆಯ ಅಪಾಯ ಇದು. ಮೊದಲಿಗರು ಎಂದೊಡನೆ ಅಲ್ಲಿ ಹಿಂದೆ ಯಾರೂ ಇರಲಿಲ್ಲ ಎಂದಾಗುತ್ತದೆ. ಕಾಡೊಳಗಿನ ಹಾಡಿ ಬಿಟ್ಟು ಕಾಡಂಚಿಗೆ ಬಂದವರ ಮೊಮ್ಮಕ್ಕಳು ನನ್ನ ಓದುಗರು, ಅವರ ಮುಂದೆ ಈ ಸುಳ್ಳು ನಡೆಯದು. ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲಾ ತೀರದ ಊರುಗಳು ಎತ್ತಂಗಡಿಯಾದದ್ದನ್ನು ಹೇಳಿದೆ. ಕಡಲಡಿಯ ನೆಲೆ ಬಂದರೆ ಅದರ ಸುತ್ತ ಬಲೆ ಬೀಸಬಾರದೆಂಬ ಗಡಿ ಬರುತ್ತದೆ. ಹಾಗಾಗಿ ನನ್ನ ಕಥೆಯಲ್ಲಿ ಭಟ್ಕಳದ ಮೀನುಗಾರ ಹುಡುಗನೊಬ್ಬ ಮೇಲಿನಿಂದ ಬಲೆ ಬಿಟ್ಟು ಜಗಳಕ್ಕೆ ಬರುತ್ತಾನೆ.

ಹಿಂದಿನ ಸಾಲಿನಿಂದ ಬಂದಿದ್ದ ಪಹಣಿಯ ಪ್ರಶ್ನೆಗೂ ಉತ್ತರ ಸಿಕ್ಕಿತು. ತೀರದಿಂದ 12 ನಾಟಿಕಲ್ ಮೈಲಿ ದೇಶದ ಕಡಲು, 200ರವರೆಗೆ ಸಂಪತ್ತಿನ ಹಕ್ಕು. ಅದರಾಚೆಯ ತಳಕ್ಕೆ ಜಮೈಕಾದ ಕಿಂಗ್‌ಸ್ಟನ್‌ನಲ್ಲೊಂದು ಅಂತರರಾಷ್ಟ್ರೀಯ ಪ್ರಾಧಿಕಾರವಿದೆ. 1981ರ ಜನವರಿಯಲ್ಲಿ ಭಾರತದ 'ಗವೇಷಣಿ' ಹಡಗು ತಳದಿಂದ ಲೋಹದ ಗಂಟುಗಳನ್ನು ಎತ್ತಿತು. 1987ರಲ್ಲಿ ಭಾರತಕ್ಕೆ 'ಪಯೋನಿಯರ್ ಇನ್ವೆಸ್ಟರ್' ಎಂಬ ಮಾನ್ಯತೆ ಸಿಕ್ಕಿತು, ಜಗತ್ತಿನಲ್ಲೇ ಮೊದಲು. ಈಗ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿ.ಮೀ. ನಮ್ಮ ಪಾಲಿಗಿದೆ. ಕಾಗದದ ಮೇಲೆ ಕಡಲಡಿಯ ಮೊದಲಿಗರು ಯಾರೆಂದರೆ ಹೂಡಿಕೆದಾರರು!

11. ಕೊನೆಯನ್ನು ಮಕ್ಕಳ ಪ್ರಶ್ನೆಗೆ ಬಿಡಿ

ತಾಯಿ ಮಗಳು ಮೇಲೆ ಬರುವ ಕಂತು ಬರೆಯುತ್ತಿದ್ದಾಗ ಒತ್ತಡ ಇಳಿಸುವ ಕೋಣೆಯ ದಿನಗಳನ್ನು ಎರಡು ಸಾಲಿನಲ್ಲಿ ದಾಟಿಸುವುದೆಂದಿದ್ದೆ. ಮುಂದಿನ ಬೆಂಚಿನ ಹುಡುಗ ಕೇಳಿದ: "ಆ ಕ್ವಾಣೇಲಿ ಕುಂತಿರೋ ದಿನುಕ್ಕೂ ಕೂಲಿ ಉಂಟಾ ಸಾ?" ತೈಲಬಾವಿಗಳ ಕೆಲಸದಲ್ಲಿ ಒತ್ತಡದಡಿ ಇರುವ ಡೈವರುಗಳಿಗೆ ಕೋಣೆಯೊಳಗಿನ ದಿನಗಳೂ ಸಂಬಳದ ದಿನಗಳೇ. ನನ್ನ ಮೇಸ್ತ್ರಿ ಕೊಡುವವನಲ್ಲ. ತಳದಲ್ಲಿ ದುಡಿದ ದಿನ ಮಾತ್ರ ಲೆಕ್ಕ ಎನ್ನುತ್ತಾನೆ, ಮುಂಗಡದ ಚೀಟಿ ತೋರಿಸುತ್ತಾನೆ. ಈಗ ಆ ಕೋಣೆಯೇ ನಾಲ್ಕು ಕಂತಾಗಿದೆ. ಒಳಗೆ ಹನ್ನೊಂದು ಜನ, ಹೊರಗೆ ಮೇಸ್ತ್ರಿ, ನಡುವೆ ದಪ್ಪ ಗಾಜು, ಹುಡುಗಿಯ ಕೈಯಲ್ಲಿ ಸಿಲಿಂಡರ್ ಲೆಕ್ಕದ ಪುಸ್ತಕ. ಯಾರು ಯಾವತ್ತು ಎಷ್ಟು ಹೊತ್ತು ಹೊರಗೆ ನೀರಿನಲ್ಲಿ ದುಡಿದರೆಂದು ಅದರಲ್ಲಿ ಬರೆದಿದೆ. ಆ ಪುಟಗಳನ್ನು ಅವಳು ಒಂದೊಂದಾಗಿ ಗಾಜಿಗೆ ಒತ್ತಿ ಹಿಡಿಯುತ್ತಿದ್ದಾಳೆ. ಮೇಸ್ತ್ರಿ ಓದಬೇಕು, ಇಲ್ಲವೆ ಬಾಗಿಲು ತೆರೆಯುವವರೆಗೂ ಅಲ್ಲೇ ನಿಂತಿರಬೇಕು.