‘ಸ್ಪೀಕ್’ ಮತ್ತು ‘ಎದೆಯ ಹಣತೆ’: ಹದಿಹರೆಯದ ಮೌನದ ಒಂದು ತೌಲನಿಕ ಓದು

ಆಘಾತಕ್ಕೊಳಗಾದ ಹುಡುಗಿಯ ಮೌನವನ್ನು ಅವಳ ದೌರ್ಬಲ್ಯವೆಂದೇ ನಮ್ಮ ವಿಮರ್ಶೆ ಸಾಮಾನ್ಯವಾಗಿ ಗ್ರಹಿಸುತ್ತದೆ. ಈ ಗ್ರಹಿಕೆ ಮರುಪರಿಶೀಲನೆಗೆ ಅರ್ಹವಾದುದು. ಅಮೆರಿಕದ ಲಾರಿ ಹಾಲ್ಸ್ ಆಂಡರ್ಸನ್ ಅವರ ‘ಸ್ಪೀಕ್’ (1999) ಕಾದಂಬರಿಯ ಮೆಲಿಂಡಾ ಅತ್ಯಾಚಾರಕ್ಕೊಳಗಾದ ರಾತ್ರಿ ಪೊಲೀಸರಿಗೆ ಕರೆ ಮಾಡುತ್ತಾಳೆ. ಕಾರಣವನ್ನು ವಿಚಾರಿಸದೆಯೇ ಗೆಳತಿಯರು ಅವಳನ್ನು ದೂರವಿಡುತ್ತಾರೆ. ಅವಳ ಮೌನ ಬಲಿಯುವುದು ಈ ಬಹಿಷ್ಕಾರದಲ್ಲಿ.

ಅರಸೀಕೆರೆ, ಬೇಲೂರು, ಹಳೇಬೀಡುಗಳನ್ನೊಳಗೊಂಡ ಹಾಸನ ಜಿಲ್ಲೆಯ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯನ್ನು ಇದರೊಡನೆ ಇಟ್ಟು ನೋಡಬಹುದು. ದೀಪಾ ಭಸ್ತಿ ಅನುವಾದಿಸಿ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನಕ್ಕೆ ಹೆಸರು ಕೊಟ್ಟದ್ದು ಇದೇ ಕಥೆ. ಗಂಡನಿಂದ ಪರಿತ್ಯಕ್ತಳಾದ ಮೆಹರುನ್ ತವರಿನಲ್ಲಿ ಬಾಯಿ ಬಿಟ್ಟು ಹೇಳಿಕೊಳ್ಳುತ್ತಾಳೆ. ಮನೆತನದ ಮರ್ಯಾದೆಗೆ ಅಂಜಿದ ಸಹೋದರರು ಅವಳನ್ನು ಮರಳಿ ಗಂಡನ ಮನೆಗೇ ತಂದುಬಿಡುತ್ತಾರೆ. ಪ್ರಾಣ ಕಳೆದುಕೊಳ್ಳಲು ಹೊರಟವಳನ್ನು ಕೊನೆಗೆ ತಡೆಯುವುದು ಹಸುಗೂಸನ್ನೆತ್ತಿಕೊಂಡು ಬಂದ ಮಗಳು ಸಲ್ಮಾಳ ಮೊರೆ. ತಾನು ಯಾರಿಗೂ ಕೇಳಿಸದೆ ಹೋದ ತಾಯಿ ಮಗಳ ಮಾತನ್ನು ಕೇಳಿಸಿಕೊಳ್ಳುತ್ತಾಳೆ.

ಎರಡೂ ಕೃತಿಗಳಲ್ಲಿ ಮಾತಿನ ಹುಟ್ಟು ಕೇಳುವವರನ್ನು ಅವಲಂಬಿಸಿದೆ. ಆದ್ದರಿಂದ ಇಂಥ ಪಠ್ಯವನ್ನು ತರಗತಿಯಲ್ಲಿ ಬೋಧಿಸುವಾಗ ಹುಡುಗಿ ಏಕೆ ಹೇಳಲಿಲ್ಲ ಎಂಬುದಕ್ಕಿಂತ ಮೊದಲು ಯಾರು ಕೇಳಲಿಲ್ಲ ಎಂದು ಪ್ರಶ್ನಿಸುವುದು ಅಗತ್ಯ. ಉತ್ತರಕ್ಕಾಗಿ ಕಾಯುತ್ತಿರುವವಳು ಅದೇ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತಿರಲೂಬಹುದು.